ಎರಡು ತಟ್ಟೆ ಕಡಿಮೆ

ಮೊದಲು ಬಂದದ್ದು ಚಾಸಿ.
ಅರಣ್ಯ ಇಲಾಖೆ ಹರಾಜು ಹಾಕಿದ ಜೀಪಿನದು,
ಅಂಕೋಲೆಯಿಂದ ಮಾಜಾಳಿಗೆ ಐಸಿನ ಟೆಂಪೋದಲ್ಲಿ
ಹನಿ ತೊಟ್ಟಿಕ್ಕಿಸುತ್ತ ಹೆಣದ ಹಾಗೆ ಬಂತು.
ಹೊಲಿಗೆಯಂತ್ರದ ಹಿಂದಿನಿಂದ ಕೇಳಿದೆ: ಏನಿದು?
ಇವರು ಅಂದರು: ಕಾರು.
ಉಳಿದದ್ದು ದಾರಿಯಲ್ಲಿದೆ.

ದಾರಿ ಅಂದರೆ ಮೂರು ವರ್ಷ.

ಇಂಜಿನ್ನು ಕುಮಟೆಯ ಒಂದು ಅಂಬಾಸಿಡರಿನದು,
ಎಷ್ಟೋ ಮದುಮಕ್ಕಳನ್ನು ಹೊತ್ತು ಸುಸ್ತಾದದ್ದು.
ಗುಂಡು ಬೆನ್ನು ಡಾಂಬರಿನ ಡ್ರಮ್ಮುಗಳದು.
ಕೂರಲು, ಬಾಗಿಲು ಹಾಕಿದ ಸಲೂನಿನ ಕುರ್ಚಿ,
ತಲೆ ಒರಗಿಸುವಲ್ಲಿ ಇನ್ನೂ ಯಾರದೋ ಎಣ್ಣೆ.
ಮಗುಚಿದರೆ ತಲೆ ಒಡೆಯದಂತೆ ಪಂಜರ:
ನೀರು ಎಂದೂ ಬರದ ನಲ್ಲಿಯ ಪೈಪುಗಳು.
ಕಿಟಕಿಗೆ ಗಾಜಿಲ್ಲ, ಬಲೆ;
ಎಷ್ಟು ತೊಳೆದರೂ ಬಂಗಡೆಯದೇ.

ಹಗಲು ಬೈತಖೋಲದಲ್ಲಿ ಬೋಟಿನ ರಿಪೇರಿ,
ರಾತ್ರಿ ಅಂಗಳದಲ್ಲಿ ವೆಲ್ಡಿಂಗಿನ ನೀಲಿ.
ನಮ್ಮ ಮಿಂಚು ಆಚೆ ಮನೆಯ ಸುಣ್ಣದ ಮೇಲೆ ಬಿದ್ದು ಏಳುತ್ತಿತ್ತು.
ಆಚೆ ಮನೆ ಅಂದರೆ ಭಾವನದು.
ನಡುವೆ, ಪಾಲಾದ ವರ್ಷ ಎದ್ದ ಚಿರೇಕಲ್ಲಿನ ಗೋಡೆ, ಎದೆಮಟ್ಟ.
ಬೆಕ್ಕು ದಾಟಿತು, ಹಲಸಿನ ಎಲೆ ದಾಟಿದವು,
ಮಾತು ದಾಟಲಿಲ್ಲ, ಒಂಬತ್ತು ಮಳೆಗಾಲ.

ಇಡೀ ಕಾರಿಗೆ ನಕ್ಷೆ ಒಂದೇ ಹಾಳೆ,
ಹಡಗಿನಲ್ಲಿದ್ದ ಸೋದರಮಾವ ತಂದ ಪತ್ರಿಕೆಯದು.
ಮಣ್ಣಿನ ಹಾದಿ, ಧೂಳು,
ಮರಿಹಂದಿಗಳಂತೆ ಒಂದರ ಬಾಲಕ್ಕೊಂದು ಕಾರು.
ಮುಂದಿನದರ ಬಾಗಿಲ ಮೇಲೆ ದೊಡ್ಡ ಅಂಕಿ,
ಎಡಭಾಗ ಗೆದ್ದಲು ತಿಂದು: ಎಂಟೋ, ಮೂರೋ.
‘ಇಬ್ಬರೂ ಇದನ್ನು ನೋಡುತ್ತಲೇ ನಿದ್ದೆ ಹೋಗುತ್ತಿದ್ದೆವು’
ಅಂದರು ಒಮ್ಮೆ.
ಇಬ್ಬರು ಅಂದರೆ ಯಾರು ಅಂತ ನಾನು ಕೇಳಲಿಲ್ಲ.

ಬಾಗಿಲು ತೆರೆಯುವುದಿಲ್ಲ, ಬೆಸೆದುಬಿಟ್ಟಿದ್ದಾರೆ.
ಹಾಗೇ ಇರಬೇಕಂತೆ, ಕಿಟಕಿಯಿಂದ ಇಳಿಯಬೇಕಂತೆ.
ಸೀರೆ ಉಟ್ಟವಳು? ಅಂದೆ.
ಯೋಚಿಸಿದರು. ಪಾಪ, ನಿಜವಾಗಿ ಯೋಚಿಸಿದರು.
ಮರುದಿನ ಕಿಟಕಿಯ ಅಂಚಿಗೆ ಸೈಕಲ್ ಟ್ಯೂಬು ಸುತ್ತಿತ್ತು.

ಉಪ್ಪುಗಾಳಿಯದು ಇನ್ನೊಂದು ಪಾಳಿ.
ನಾವು ಮಲಗಿದ ಮೇಲೆ ಕೆಲಸಕ್ಕೆ ಬಂದು
ಇವರು ಕೂಡಿಸಿದ್ದನ್ನು ಕಂದು ಪುಡಿಯಾಗಿ ಬಿಚ್ಚುತ್ತದೆ.
ಶನಿವಾರ ಉಜ್ಜು, ರೆಡ್ ಆಕ್ಸೈಡ್ ಬಳಿ. ಶನಿವಾರ ಉಜ್ಜು.

ಓಟದ ಕಾರಿಗೆ ದೀಪ ಬೇಡವಂತೆ.
ಆ ಎರಡು ತೂತಿಗೆ ಸ್ಟೀಲಿನ ಊಟದ ತಟ್ಟೆ ಸರಿಯಾಗಿ ಕೂತವು.
ನನ್ನನ್ನು ಕೇಳಲಿಲ್ಲ. ಬೆಳಿಗ್ಗೆ ನೋಡಿದರೆ
ಕಾರಿನ ಬಲಗಣ್ಣಿನಲ್ಲಿ ಕೊರೆದ ಅಕ್ಷರ:
‘ಸೌ. ಸುಲಭಾ ಉದಯಕಾಂತ ದುರ್ಗೇಕರ, ಮದುವೆಯ ಉಡುಗೊರೆ.’
ವಾರಗಿತ್ತಿ ಕೊಟ್ಟದ್ದು. ಆಗ ಗೋಡೆ ಇರಲಿಲ್ಲ.

ಮುಗಿದ ದಿನ ಅಳೆದರು.
ಗೇಟು ಐದು ಅಡಿ, ಕಾರು ಐದೂಮುಕ್ಕಾಲು.
ಗೇಟಿನ ಒಂದು ಬದಿ ಬಾವಿ, ಇನ್ನೊಂದು ಬದಿ ಬಚ್ಚಲು.
ಮೂರು ವರ್ಷ ಒಂದೊಂದು ನಟ್ಟು ಅಳೆದವರು
ಗೇಟನ್ನು ಮರೆತಿದ್ದರು. ಅಥವಾ
ನನಗೆ ಈಗಲೂ ಸಂಶಯ.

ಭಾನುವಾರ ಮೊದಲ ಏಟು ಆಚೆಯಿಂದ ಬಿತ್ತು.
ಭಾವ, ಬನಿಯನ್ನಿನಲ್ಲಿ, ಹಾರೆ ಹಿಡಿದು.
ಯಾರು ಹೇಳಿದರೋ. ವಾರವಿಡೀ ಟೇಪು ಹಿಡಿದು ಒದ್ದಾಡಿದ್ದು
ಎದೆಮಟ್ಟದ ಗೋಡೆಗೆ ಗುಟ್ಟೇ?
ಇಬ್ಬರೂ ತುಟಿ ಬಿಚ್ಚದೆ ಕೆಡವಿದರು,
ಕಲ್ಲುಗಳನ್ನು ಎರಡು ರಾಶಿ ಮಾಡಿ,
ಎಣಿಸಿ.

ಭಾವ ಬೋಟುಗಳಿಗೆ ಹೆಸರು ಬರೆಯುವವರು.
ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ ಮೂರನ್ನು ನೋಡಿ
‘ಅದು ಎಂಟು, ರಮಾಕಾಂತ’ ಅಂದರು.
‘ಮೂರು.’
‘ಎಂಟು. ನೀನು ನಿದ್ದೆ ಹೋದ ಮೇಲೂ ನಾನು ನೋಡುತ್ತಿದ್ದೆ.’
ಒಳಗೆ ಹೋಗಿ ಕುಂಚ ತಂದರು.

ಕಾರು ಹೊರಟಿತು. ಹನ್ನೆರಡು ಅಡಿ.
ಕೋಳಿಗಳು ಮಾಡು ಹತ್ತಿದವು;
ಭಾವನ ಅಂಗಳದ ನಟ್ಟನಡುವೆ ಕೆಮ್ಮಿ ನಿಂತಿತು.
ರಿವರ್ಸ್ ಇಲ್ಲ. ಗೇರಿನ ಹಲ್ಲು ಮುರಿದಿದೆ,
ಗೋವೆಯಿಂದ ಬರಬೇಕು.

ಹೊಗೆ ಇಳಿಯುವಷ್ಟರಲ್ಲಿ ಊಟದ ಹೊತ್ತು.
ಬಡಿಸಲು ಹೋದರೆ ಎರಡು ತಟ್ಟೆ ಕಡಿಮೆ.
ಸುಲಭಕ್ಕ ತನ್ನ ಮನೆಯಿಂದ ತಂದಳು.
ಸಾರಿಗೆ ಉಪ್ಪು ಜಾಸ್ತಿ, ಅಂದರು ಭಾವ.
ಹೌದು, ಜಾಸ್ತಿಯಾಗಿತ್ತು.